ಜಬಾಬು ಯಾರ ಮಾತಿನಲ್ಲಿ?

ಮಹಾರಾಷ್ಟ್ರದ ಅಕ್ಕಲಕೋಟ ತಾಲೂಕಿನ ಚಪಳಗಾಂವದಂಥ ಊರಿನಲ್ಲಿ ಹೊಲದ ಬದುವಿಗಾಗಿ ಜಗಳ ಹುಟ್ಟಿತೆಂದರೆ ಅದರ ಬೆನ್ನಿಗೇ ಒಂದಿಷ್ಟು ಪದಗಳು ಜನರ ಬಾಯಿಗೆ ಬರುತ್ತವೆ: ಫೌಜದಾರ, ಪೊಲೀಸ್ ಪಾಟೀಲ, ತಲಾಠಿ, ಪಂಚನಾಮೆ, ಜಬಾಬು, ಜಾಮೀನು, ಜಪ್ತಿ, ತಾರೀಖು, ಸಾತಬಾರಾ ಉತಾರ. ಮನೆಯಲ್ಲಿ ಕನ್ನಡ ಆಡುವವರೂ ಇವನ್ನೇ ಆಡುತ್ತಾರೆ, ಮರಾಠಿ ಆಡುವವರೂ ಇವನ್ನೇ ಆಡುತ್ತಾರೆ. ಗಡಿಭಾಗದ ಕನ್ನಡಿಗರಿಗೆ ಪೊಲೀಸು ಮತ್ತು ಕೋರ್ಟಿನ ಭಾಷೆ ಪರಕೀಯವಾಗಿದೆ ಎಂಬ ಚರ್ಚೆ ಬಂದಾಗಲೆಲ್ಲ ಗಮನ ಹರಿಯುವುದು ಈ ಪದಗಳ ಕಡೆಗೆ. ಅಚ್ಚಗನ್ನಡದ ಪದ ತರಬೇಕು, ಪದಕೋಶ ಕೊಡಬೇಕು ಎನ್ನುವವರು ಒಂದು ಕಡೆ. ಮಹಾರಾಷ್ಟ್ರದಲ್ಲಿ ಬಾಳುವವರು ಮರಾಠಿ ಕಲಿತರೆ ಮುಗಿಯಿತು ಎನ್ನುವವರು ಇನ್ನೊಂದು ಕಡೆ. ಎರಡು ಪಕ್ಷಗಳೂ ತೊಡಕನ್ನು ತಪ್ಪು ಜಾಗದಲ್ಲಿ ಹುಡುಕುತ್ತಿವೆ ಎಂಬುದು ನನ್ನ ವಾದ. ಅಧಿಕಾರದ ಹೆಸರುಗಳು ಇಲ್ಲಿ ಎಲ್ಲರಿಗೂ ಗೊತ್ತು. ತೊಡಕಿರುವುದು ಜಬಾಬಿನಲ್ಲಿ, ಹೇಳಿಕೆಯಲ್ಲಿ, ಅಂದರೆ ನೊಂದವರು ಅಥವಾ ಕಂಡವರು ತಮ್ಮ ಬಾಯಿಂದ ಆಡಿದ ವಾಕ್ಯ ಕಾಗದಕ್ಕೆ ಇಳಿಯುವ ಆ ಸ್ವಲ್ಪ ಹೊತ್ತಿನಲ್ಲಿ.

ಮೊದಲು ಪದಗಳ ಮಾತನ್ನೇ ಮುಗಿಸೋಣ. ಫೌಜದಾರ, ಜಾಮೀನು, ಜಪ್ತಿ, ಕಬ್ಜಾ ಮುಂತಾದವು ಅರಬ್ಬಿ ಮತ್ತು ಪಾರಸಿಯಿಂದ ಬಂದವು. ಬಹಮನಿ ಸುಲ್ತಾನರ, ವಿಜಯಪುರದ ಆದಿಲ್‌ಶಾಹಿಗಳ ಕಾಲದಲ್ಲಿ ಈ ನೆಲದಲ್ಲಿ ಬೇರುಬಿಟ್ಟವು. ಮೊದಲನೆಯ ಇಬ್ರಾಹಿಂ ಆದಿಲ್‌ಶಾಹ ಸರ್ಕಾರದ ಲೆಕ್ಕಪತ್ರಗಳನ್ನು ಪಾರಸಿಯಿಂದ ದೇಶಭಾಷೆಗೆ ತಿರುಗಿಸಿದನೆಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಲೆಕ್ಕದ ಭಾಷೆ ಬದಲಾಯಿತು, ಲೆಕ್ಕದ ಪದಗಳು ಬದಲಾಗಲಿಲ್ಲ. ಹದಿನೇಳನೆಯ ಶತಮಾನದಲ್ಲಿ ಶಿವಾಜಿ ಮಹಾರಾಜರ ಆಸ್ಥಾನದಲ್ಲಿ ರಾಜ್ಯವ್ಯವಹಾರಕೋಶವೆಂಬ ಗ್ರಂಥ ತಯಾರಾಯಿತು. ಆಡಳಿತದ ಪಾರಸಿ ಪದಗಳಿಗೆ ಸಂಸ್ಕೃತ ಪದಗಳನ್ನು ಹೊಂದಿಸುವುದೇ ಅದರ ಉದ್ದೇಶ. ರಾಜಾಜ್ಞೆಯ ಬಲವಿದ್ದ ಆ ಯತ್ನದ ನಂತರವೂ ಮರಾಠಿ ಮುಲುಕಿನಲ್ಲಿ ಫೌಜದಾರ ಫೌಜದಾರನಾಗಿಯೇ ಉಳಿದ. ಕರ್ನಾಟಕದಲ್ಲಿ ಠಾಣೆಗಳ ಹಲಗೆಯ ಮೇಲೆ ಆರಕ್ಷಕ ಎಂಬ ಪದ ಬಂದು ಎಷ್ಟೋ ಕಾಲವಾದರೂ ಜನ ಪೊಲೀಸ್ ಎಂದೇ ಅನ್ನುತ್ತಾರೆ. ಅಧಿಕಾರದ ಹೆಸರನ್ನು ಜನ ಅಧಿಕಾರ ಚಲಾಯಿಸುವವರಿಂದ ಕಲಿಯುತ್ತಾರೆ. ಒಮ್ಮೆ ಕಲಿತ ಮೇಲೆ ಸುಲಭವಾಗಿ ಬಿಡುವುದಿಲ್ಲ.

ಇನ್ನೂ ಒಂದು ಸಂಗತಿಯಿದೆ. ಕಾನೂನಿನ ಪದಗಳ ಗಡಿ ರಾಜ್ಯದ ಗಡಿಯ ಮೇಲೆ ಹಾಯುವುದಿಲ್ಲ, ಕನ್ನಡದ ಒಳಗೇ ಹಾಯುತ್ತದೆ. ಅಕ್ಕಲಕೋಟ ಭೋಸಲೆ ಮನೆತನದ ಸಂಸ್ಥಾನವಾಗಿತ್ತು, 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಪಕ್ಕದ ಇಂಡಿ 1956ರವರೆಗೆ ಅದೇ ಮುಂಬಯಿ ಆಡಳಿತದಲ್ಲಿತ್ತು. ಇನ್ನೊಂದು ಮಗ್ಗುಲಿನ ಆಳಂದ, ಅಫಜಲಪುರಗಳು ನಿಜಾಮನವು. ಆದ್ದರಿಂದ ಮುಂಬಯಿ ಕಡೆಯ ಕನ್ನಡಿಗನಿಗೆ ಮಾಮಲೇದಾರ, ಫೌಜದಾರ, ತಲಾಠಿ. ನಿಜಾಮ ಕಡೆಯ ಕನ್ನಡಿಗನಿಗೆ ತಹಸೀಲದಾರ, ಅಮೀನ, ಪಟವಾರಿ. ಮೈಸೂರು ಸೀಮೆಯವನಿಗೆ ಅಮಲ್ದಾರ, ಶೇಕದಾರ, ಶ್ಯಾನುಭೋಗ. ಇಂಡಿಯ ಹಳೆಯ ರೈತನ ಕಚೇರಿ ಮಾತು ಮೈಸೂರಿನ ರೈತನ ಮಾತಿಗಿಂತ ಅಕ್ಕಲಕೋಟದ ಮರಾಠಿಗನ ಮಾತಿಗೇ ಹತ್ತಿರ. ಇಂಥ ಪದಗಳಲ್ಲಿ ಇದು ಕನ್ನಡ, ಇದು ಮರಾಠಿ ಎಂದು ಗೆರೆ ಎಳೆಯಹೋದರೆ ಕೈಗೆ ಸಿಗುವುದು ಹಳೆಯ ದೊರೆತನಗಳ ನಕ್ಷೆಯೇ ಹೊರತು ಎರಡು ಭಾಷೆಗಳ ನಕ್ಷೆಯಲ್ಲ.

ಹಾಗಾದರೆ ಅನ್ಯಾಯ ಎಲ್ಲಿ ಆಗುತ್ತದೆ? ಸಾಕ್ಷಿ ಕನ್ನಡದಲ್ಲಿ ಹೇಳುತ್ತಾನೆ, ಬರೆಯುವವರು ಮರಾಠಿಯಲ್ಲಿ ಬರೆಯುತ್ತಾರೆ. ನಡುವೆ ಎರಡೂ ಬಲ್ಲ ಯಾರಾದರೊಬ್ಬರು ನಿಂತು ತಿಳಿಸುತ್ತಾರೆ; ಎಷ್ಟೋ ಸಲ ಅದು ಊರಿನ ಪೊಲೀಸ್ ಪಾಟೀಲರೇ ಆಗುವುದು ಸಹಜ. ಮಹಾರಾಷ್ಟ್ರದ 1967ರ ಗ್ರಾಮ ಪೊಲೀಸ್ ಕಾಯಿದೆ ಪಾಟೀಲರಿಗೆ ಊರಿನ ಅಪರಾಧದ ಸುದ್ದಿ ಮುಟ್ಟಿಸುವ, ಪೊಲೀಸರಿಗೆ ನೆರವಾಗುವ ಹೊಣೆ ಕೊಟ್ಟಿದೆ. ಆದರೆ ಹೀಗೆ ನಡುವೆ ನಿಂತು ಮಾತು ದಾಟಿಸುವವರು ಯಾರೇ ಆಗಲಿ, ಅವರ ಹೆಸರು ಜಬಾಬಿನಲ್ಲಿ ಬರದಿದ್ದರೆ ಆ ಮಾತು ಸಾಕ್ಷಿಯ ಬಾಯಿಂದಲೇ ಮರಾಠಿಯಲ್ಲಿ ಬಂದಿತೆಂಬಂತೆ ಕಾಗದ ತೋರಿಸುತ್ತದೆ. ಈ ದಾಟಿನಲ್ಲಿ ಏನೇನು ಕಳೆದುಹೋಗಬಹುದು ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ಕಳೆದುಹೋಗುವುದು ದೊಡ್ಡ ದೊಡ್ಡ ಪಾರಿಭಾಷಿಕ ಪದಗಳಲ್ಲ, ದಿನಬಳಕೆಯ ಚಿಕ್ಕ ಚಿಕ್ಕ ಮಾತುಗಳು.

ಕನ್ನಡದಲ್ಲಿ ನಾವು ಎಂಬುದು ಒಂದೇ ಮಾತು. ಮರಾಠಿಯಲ್ಲಿ ಎರಡಿವೆ: ಕೇಳುವವರನ್ನು ಬಿಟ್ಟು ಹೇಳಿದರೆ ಆಮ್ಹೀ, ಕೂಡಿಸಿಕೊಂಡು ಹೇಳಿದರೆ ಆಪಣ. ಒಬ್ಬ ಸಾಕ್ಷಿ ಹೀಗೆ ಹೇಳಿದನೆನ್ನಿ: “ಅವ ನನ್ನ ಮುಂದ, ನಾವು ಅವನ್ನ ನೋಡ್ಕೋತೀವಿ ಅಂದಾನ.” ಇದನ್ನು ಮರಾಠಿಗೆ ತರುವವನು ಎರಡರಲ್ಲೊಂದನ್ನು ಆರಿಸಲೇಬೇಕು. ಆಮ್ಹೀ ಎಂದು ಬರೆದರೆ ಸಾಕ್ಷಿ ಬೆದರಿಕೆಯ ಮಾತನ್ನು ಕೇಳಿಸಿಕೊಂಡವನು ಮಾತ್ರ. ಆಪಣ ಎಂದು ಬರೆದರೆ ಆ ಕೂಟದಲ್ಲಿ ಅವನೂ ಒಬ್ಬ. ಸಮಾನ ಉದ್ದೇಶ, ಅಕ್ರಮಕೂಟ ಎಂದು ಹಲವರನ್ನು ಒಂದೇ ಅಪರಾಧಕ್ಕೆ ಕಟ್ಟುವ ಕಾನೂನಿನಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಇನ್ನು ನಮ್ಮ ಕ್ರಿಯಾಪದದ ಕೊನೆಗೆ ಸೇರುವ ಅಂತ. “ಬಡದಾರಂತ” ಎಂದರೆ ನಾನು ಕಂಡಿಲ್ಲ, ಕೇಳಿದ್ದೇನೆ ಎಂದರ್ಥ. ಮರಾಠಿಯಲ್ಲೂ ಮ್ಹಣೇ ಎಂಬ ಮಾತು ಇದೇ ಕೆಲಸ ಮಾಡುತ್ತದೆ. ಆದರೆ ಜಬಾಬಿನ ಗದ್ಯ ಅದನ್ನು ಉಳಿಸಿಕೊಳ್ಳುವುದಿಲ್ಲ, ನೇರವಾಗಿ ಹೊಡೆದರು ಎಂದು ಬರೆದುಬಿಡುತ್ತದೆ. ಕಣ್ಣಾರೆ ಕಂಡದ್ದಕ್ಕೂ ಕಿವಿಯಾರೆ ಕೇಳಿದ್ದಕ್ಕೂ ಸಾಕ್ಷ್ಯದ ಕಾನೂನು ಬೇರೆ ಬೇರೆ ಬೆಲೆ ಕಟ್ಟುತ್ತದೆ. ಮುಂದೆ ಕಟಕಟೆಯಲ್ಲಿ ಅದೇ ಮನುಷ್ಯ “ನಾ ನೋಡಿಲ್ರೀ, ಕೇಳೀನಿ” ಎಂದು ದಿಟವನ್ನೇ ಹೇಳಿದರೂ ಪೊಲೀಸ್ ಜಬಾಬಿಗೆ ಅದು ವಿರುದ್ಧವಾಗುತ್ತದೆ. ಸಾಕ್ಷಿ ಫಿತೂರ ಆದನೆಂದು ಮರುದಿನ ಪತ್ರಿಕೆ ಬರೆಯಬಹುದು. ಅವನು ಮೊದಲೂ ನಿಜ ಹೇಳಿದ್ದ, ಆಮೇಲೂ ನಿಜ ಹೇಳಿದ್ದ.

ಎರಡೂ ಭಾಷೆಗಳಲ್ಲಿ ಬಾಳುವ ಪದಗಳು ಇನ್ನೂ ಹೆಚ್ಚು ಅಪಾಯದವು, ಗೊತ್ತಿರುವ ಪದವೆಂದು ಯಾರೂ ಅನುಮಾನಿಸುವುದಿಲ್ಲವಾದ್ದರಿಂದ. ತಕರಾರು ಎಂದರೆ ಕನ್ನಡದ ಕಚೇರಿಗಳಲ್ಲಿ ಆಕ್ಷೇಪಣೆ, ಮರಾಠಿಯಲ್ಲಿ ದೂರು. ಆಕಸ್ಮಿಕ ಸಾವಿನ ಪಂಚನಾಮೆ ಬರೆಯುವಾಗ ಮನೆಯವರು “ನೀವು ಬರಕೋರಿ, ನಮ್ಮದೇನ್ ತಕರಾರಿಲ್ಲ” ಎಂದರೆ ಅವರ ಮನಸ್ಸಿನಲ್ಲಿರುವುದು ಬರೆಯಲು ನಮ್ಮ ಅಡ್ಡಿಯಿಲ್ಲ ಎಂಬುದಿರಬಹುದು. ಕಾಗದದಲ್ಲಿ ಅದು ಯಾರ ಮೇಲೂ ದೂರಿಲ್ಲ ಎಂದಾಗುತ್ತದೆ. ಸಾವಿನ ತನಿಖೆ ಅಲ್ಲಿಗೇ ನಿಲ್ಲಲು ಅಂಥ ಒಂದು ಸಾಲು ಸಾಕಾಗಬಹುದು. ಗಡಿಯ ಜನರಿಗೆ ತಕರಾರಿನ ಎರಡು ಅರ್ಥಗಳೂ ಪರಿಚಿತ. ಅದಕ್ಕೇ ಬರೆಯುವವರು ಮರುಪ್ರಶ್ನೆ ಕೇಳಬೇಕು. ಫಿರ್ಯಾದಿ ಎಂಬುದೂ ಹಾಗೆ: ಉತ್ತರ ಕರ್ನಾಟಕದಲ್ಲಿ ಅದು ಕೊಟ್ಟ ದೂರು, ಮರಾಠಿಯಲ್ಲಿ ದೂರು ಕೊಟ್ಟ ವ್ಯಕ್ತಿ. ಬಂಧನದ ವಿಷಯದಲ್ಲಿ ತೊಡಕು ತಿರುವು ಮುರುವು. ಚೌಕಶಿಗೆ ಕರೆದದ್ದು, ವಶಕ್ಕೆ ತೆಗೆದುಕೊಂಡದ್ದು, ಅಟಕ ಮಾಡಿದ್ದು, ಇವು ಮರಾಠಿ ದಾಖಲೆಯಲ್ಲಿ ಮೂರು ಬೇರೆ ಸ್ಥಿತಿಗಳು; ಊರಿನ ಕನ್ನಡದಲ್ಲಿ ಮೂರಕ್ಕೂ “ಹಿಡಕೊಂಡ ಹೋಗ್ಯಾರ” ಒಂದೇ. ಬಂಧಿತನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ಸಂವಿಧಾನದ 22ನೆಯ ವಿಧಿ ಹೇಳುತ್ತದೆ. ಆ ಗಂಟೆಗಳ ಎಣಿಕೆ ಯಾವಾಗ ಶುರುವಾಯಿತೆಂಬ ಪ್ರಶ್ನೆಗೆ ಮನೆಯವರು ಕೊಡುವ ಉತ್ತರವನ್ನು ಯಾವ ಪದದಲ್ಲಿ ಬರೆದುಕೊಂಡರೆಂಬುದರ ಮೇಲೆ ಒಬ್ಬ ಮನುಷ್ಯನ ಬಿಡುಗಡೆ ನಿಂತಿರುತ್ತದೆ.

ಇದಕ್ಕೆಲ್ಲ ಪರಿಹಾರ ತಾಲೂಕು ಕರ್ನಾಟಕಕ್ಕೆ ಸೇರುವುದೇ ಎಂದು ಹಲವರು ಹೇಳುತ್ತಾರೆ. ಅಕ್ಕಲಕೋಟ ತಾಲೂಕು ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರ ವರದಿಯಲ್ಲಿ ಶಿಫಾರಸು ಮಾಡಿದ್ದು ನಿಜ. ಆ ನ್ಯಾಯ ಬೇರೆ, ಅದನ್ನು ಇಲ್ಲಿ ತೂಗುವುದಿಲ್ಲ. ಆದರೆ ಗಡಿ ಬದಲಾದರೆ ಹೇಳಿಕೆಯ ತೊಡಕು ತಾನಾಗಿ ಹೋಗುತ್ತದೆಂದು ನಂಬುವವರು ಕರ್ನಾಟಕದ ಯಾವುದಾದರೂ ಠಾಣೆಯ ದೂರನ್ನು ಓದಿ ನೋಡಬೇಕು. ಅವಾಚ್ಯ ಶಬ್ದಗಳಿಂದ ಬೈದು, ಕೈಯಿಂದ ಹೊಡೆದು, ಜೀವಬೆದರಿಕೆ ಹಾಕಿದ ಎಂಬ ಸಾಲು ಒಂದರ ಹಿಂದೊಂದು ದೂರಿನಲ್ಲಿ ಹಾಗೆ ಹಾಗೆಯೇ ಕಾಣುತ್ತದೆ. ಮಹಾರಾಷ್ಟ್ರದ ಠಾಣೆಗಳಲ್ಲಿ ಶಿವೀಗಾಳ, ದಮದಾಟಿ, ಜೀವೇ ಮಾರಣ್ಯಾಚೀ ಧಮಕಿ ಎಂಬ ಸಾಲಿಗೂ ಇದೇ ಕೆಲಸ. ಜಗಳದಲ್ಲಿ ಆ ಮನುಷ್ಯ ನಿಜವಾಗಿ ಏನಂದ ಎಂಬುದು ಎರಡು ಕಡೆಯೂ ಉಳಿಯುವುದಿಲ್ಲ. ನಮ್ಮ ಸೀಮೆಯಲ್ಲಿ ತಾಯಿ ಹಠಮಾರಿ ಮಗನಿಗೂ “ಕೊಂದ ಬಿಡ್ತೀನಿ ನೋಡ” ಅನ್ನುತ್ತಾಳೆ. ಕೊಡಲಿ ಹಿಡಿದವನೂ ಅದನ್ನೇ ಅನ್ನುತ್ತಾನೆ. ಯಾರು, ಯಾವಾಗ, ಯಾವ ದನಿಯಲ್ಲಿ, ಕೈಯಲ್ಲಿ ಏನಿಟ್ಟುಕೊಂಡು ಅಂದರು ಎಂಬುದರಿಂದಲೇ ಅದು ಬೆದರಿಕೆಯೋ ಬರಿಯ ಬೈಗುಳವೋ ತಿಳಿಯಬೇಕು. ಸಿದ್ಧಸಾಲು ಅದೆಲ್ಲವನ್ನೂ ಒಂದೇ ಅಚ್ಚಿನಲ್ಲಿ ಒತ್ತಿಬಿಡುತ್ತದೆ. ಕನ್ನಡ ಠಾಣೆಯಲ್ಲಿ ಕನ್ನಡಿಗನ ಮಾತು ಒಂದು ಸಲ ಬದಲಾದರೆ ಅಕ್ಕಲಕೋಟದವನ ಮಾತು ಎರಡು ಸಲ ಬದಲಾಗುತ್ತದೆ, ಒಮ್ಮೆ ಮರಾಠಿಗೆ, ಮತ್ತೊಮ್ಮೆ ಸಿದ್ಧಸಾಲಿಗೆ. ವ್ಯತ್ಯಾಸ ಇಷ್ಟೇ, ಆದರೆ ಇದು ಕಡಿಮೆಯಲ್ಲ.

ಸಿದ್ಧಸಾಲು ಬೇಕೇ ಬೇಕು ಎಂದು ವಾದಿಸುವವರ ಮಾತನ್ನೂ ಕೇಳಬೇಕು. ಪ್ರತಿಯೊಂದು ಅಪರಾಧಕ್ಕೂ ಕಾನೂನಿನಲ್ಲಿ ಅಂಗಗಳಿವೆ, ಅವು ದೂರಿನಲ್ಲಿ ಕಾಣದಿದ್ದರೆ ಪ್ರಕರಣ ಬಿದ್ದುಹೋಗುತ್ತದೆ, ಓದುಬರಹ ಬಾರದ ಮುದುಕಿಗೆ ಅದನ್ನು ಹೇಳಲು ಬಾರದು, ಹವಾಲ್ದಾರ ಆಕೆಯ ಒಳಿತಿಗಾಗಿಯೇ ಹಾಗೆ ಬರೆಯುತ್ತಾನೆ ಎಂಬ ವಾದವದು. ಇದರಲ್ಲಿ ಅರ್ಧ ನಿಜವಿದೆ, ಅನೇಕ ಪೊಲೀಸರ ಸದುದ್ದೇಶವನ್ನು ನಾನು ಶಂಕಿಸುವುದಿಲ್ಲ. ಆದರೆ ಕಲಮು ಹಚ್ಚುವುದು ಠಾಣೆಯ ಕೆಲಸ, ಹೇಳುವವಳ ಕೆಲಸವಲ್ಲ. ಆಕೆಯ ಮಾತನ್ನು ಆಕೆ ಆಡಿದಂತೆ ಬರೆದುಕೊಂಡು, ಅದರಿಂದ ಯಾವ ಅಪರಾಧವಾಗುತ್ತದೆಂದು ಅಧಿಕಾರಿ ತನ್ನ ಹೊಣೆಯ ಮೇಲೆ ನಮೂದಿಸಲಿ. ಕಲಮಿನ ಭಾಷೆಯನ್ನು ಆಕೆಯ ಬಾಯಲ್ಲಿಟ್ಟರೆ ಮುಂದೆ ಪಾಟಿ ಸವಾಲಿನಲ್ಲಿ ಆ ಭಾಷೆಗೆ ಉತ್ತರ ಕೊಡಬೇಕಾದವಳೂ ಆಕೆಯೇ. ತಾನು ಆಡದ ಮಾತನ್ನು ಸಮರ್ಥಿಸಲಾರದೆ ಸೋಲುತ್ತಾಳೆ.

ಕಾನೂನು ಈ ವಿಷಯದಲ್ಲಿ ಮೂಕವಾಗಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ ಬಾಯಿಮಾತಿನಲ್ಲಿ ಕೊಟ್ಟ ದೂರನ್ನು ಬರೆದುಕೊಂಡು, ಕೊಟ್ಟವರಿಗೆ ಓದಿ ಹೇಳಿ, ಸಹಿ ಪಡೆಯಬೇಕು, ನಕಲನ್ನು ಪುಕ್ಕಟೆ ಕೊಡಬೇಕು. ಇದು ಹೊಸದೇನೂ ಅಲ್ಲ, 1973ರ ಸಂಹಿತೆಯಲ್ಲೂ ಇತ್ತು. ಓದಿ ಹೇಳುವುದೆಂದರೆ ತಿಳಿಯುವ ಹಾಗೆ ಓದಿ ಹೇಳುವುದು. ತಿಳಿಯದ ಭಾಷೆಯಲ್ಲಿ ಓದಿದರೆ ಅದು ಓದಿದಂತಲ್ಲ. ಕೋರ್ಟಿನಲ್ಲಿ ಸಾಕ್ಷಿ ಬೇರೆ ಭಾಷೆಯಲ್ಲಿ ನುಡಿದರೆ ಸಾಧ್ಯವಿದ್ದಲ್ಲಿ ಆ ಭಾಷೆಯಲ್ಲೇ ಬರೆದುಕೊಳ್ಳಬಹುದು, ಆರೋಪಿಗೆ ತಿಳಿಯದ ಭಾಷೆಯ ಸಾಕ್ಷ್ಯವನ್ನು ಅವನಿಗೆ ಬಿಡಿಸಿ ಹೇಳಬೇಕು, ದುಭಾಷಿ ನಿಜವಾದ ಅನುವಾದವನ್ನೇ ಹೇಳಲು ಬದ್ಧ, ಎಂದೆಲ್ಲ ಸಂಹಿತೆ ಹೇಳಿದೆ. ಇದರಲ್ಲಿ ಒಂದು ಕಿಂಡಿ ಮಾತ್ರ ಉಳಿದಿದೆ, ದೊಡ್ಡ ಕಿಂಡಿ: ತನಿಖೆಯಲ್ಲಿ ಪೊಲೀಸರು ಬರೆದುಕೊಳ್ಳುವ ಸಾಕ್ಷಿಯ ಜಬಾಬಿಗೆ ಸಹಿ ಹಾಕಿಸುವಂತಿಲ್ಲ. ಸಾಕ್ಷಿಯನ್ನು ಹೆದರಿಸಿ ಕಟ್ಟಿಹಾಕಬಾರದೆಂಬ ಒಳ್ಳೆಯ ಉದ್ದೇಶದಿಂದ ಬಂದ ನಿಯಮ ಅದು. ಎರಡು ಭಾಷೆಗಳ ಊರಿನಲ್ಲಿ ಅದೇ ನಿಯಮದಿಂದಾಗಿ, ತನ್ನ ಮಾತು ಮರಾಠಿಯಲ್ಲಿ ಏನಾಗಿದೆಯೆಂದು ನೋಡುವ ಸಂದರ್ಭವೇ ಸಾಕ್ಷಿಗೆ ಬರುವುದಿಲ್ಲ.

ಸುಪ್ರೀಂ ಕೋರ್ಟಿನ ನಿಲುವು ಹಳೆಯದು, ಸ್ಪಷ್ಟವಾದದ್ದು. 1962ರ ಹರಿಕಿಶನ್ ಪ್ರಕರಣ ಮಹಾರಾಷ್ಟ್ರ ಸರ್ಕಾರದ ವಿರುದ್ಧವೇ ನಡೆದದ್ದು. ಮುಂಜಾಗ್ರತೆಯ ಬಂಧನದಲ್ಲಿದ್ದ ವ್ಯಕ್ತಿಗೆ ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಡಲಾಗಿತ್ತು; ತನಗೆ ಇಂಗ್ಲಿಷು ಬಾರದು, ಹಿಂದಿಯಲ್ಲಿ ಕೊಡಿ ಎಂದು ಅವನು ಕೇಳಿದ್ದ. ಬಾಯಿಮಾತಿನಲ್ಲಿ ವಿವರಿಸಿದ್ದೇವೆ ಎಂಬ ಸಮಜಾಯಿಷಿಯನ್ನು ನ್ಯಾಯಾಲಯ ಒಪ್ಪಲಿಲ್ಲ. ಅವನಿಗೆ ತಿಳಿಯುವ ಭಾಷೆಯಲ್ಲಿ ಕೊಡದಿದ್ದರೆ ಸಂವಿಧಾನ ಹೇಳುವಂತೆ ತಿಳಿಸಿದಂತಾಗುವುದಿಲ್ಲ ಎಂದು ತೀರ್ಪಿತ್ತಿತು. 2025ರ ಫೆಬ್ರವರಿಯಲ್ಲಿ ವಿಹಾನ್ ಕುಮಾರ್ ಪ್ರಕರಣದಲ್ಲಿ ಸಾಮಾನ್ಯ ಬಂಧನದ ಕಾರಣಗಳನ್ನೂ ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕೆಂದು ಅದೇ ನ್ಯಾಯಾಲಯ ಹೇಳಿದೆ. ಪೊಲೀಸರು ಆಡುವ ಮಾತು ಜನರಿಗೆ ತಿಳಿಯಬೇಕೆಂಬುದು ಹೀಗೆ ಹಕ್ಕಾಗಿ ನಿಂತಿದೆ. ಜನರು ಆಡುವ ಮಾತು ಪೊಲೀಸರ ಕಾಗದದಲ್ಲಿ ಕೆಡದೆ ಉಳಿಯಬೇಕೆಂಬುದು ಇದರ ಇನ್ನೊಂದು ಮಗ್ಗುಲು, ಅಷ್ಟೇ ಮುಖ್ಯವಾದದ್ದು.

ಇಲ್ಲಿಯವರಿಗೆಲ್ಲ ಮರಾಠಿ ಬರುತ್ತದೆ, ಇಷ್ಟೆಲ್ಲ ಏಕೆ ಎಂಬ ಆಕ್ಷೇಪವಿದೆ. ಬರುತ್ತದೆ, ನಿಜ. ಸೋಲಾಪುರದ ಮಾರುಕಟ್ಟೆಯಲ್ಲಿ ತೊಗರಿ ಮಾರಲು, ಎಸ್‌ಟಿ ಬಸ್ಸಿನಲ್ಲಿ ಟಿಕೆಟ್ ಕೇಳಲು, ದವಾಖಾನೆಯಲ್ಲಿ ನೋವು ಹೇಳಲು ಸಾಕಾಗುವಷ್ಟು ಮರಾಠಿ ಗಂಡಸರಲ್ಲಿ ಹೆಚ್ಚಿನವರಿಗೆ ಬರುತ್ತದೆ, ಹೊಲ ಮನೆ ಬಿಟ್ಟು ಹೊರಗೆ ಹೋಗದ ಹಿರಿಯ ಹೆಂಗಸರಿಗೆ ಅಷ್ಟು ಬರುವುದಿಲ್ಲ. ಆದರೆ ಮೈಮೇಲೆ ಪೆಟ್ಟು ಬಿದ್ದಾಗ, ಮನೆಯಲ್ಲಿ ಹೆಣ ಬಿದ್ದಾಗ ಮನುಷ್ಯ ಮಾತಾಡುವುದು ತಾಯಿಮಾತಿನಲ್ಲಿ. ಆಗ ನೆನಪು ಬರುವುದೂ ಅದರಲ್ಲೇ: ಮೊದಲು ಯಾರು ಬಂದರು, ಏನಂದರು, ಎಷ್ಟು ದೂರದಲ್ಲಿದ್ದರು. ಅದನ್ನು ಆ ಕ್ಷಣದಲ್ಲೇ ಎರಡನೆಯ ಭಾಷೆಗೆ ತಿರುಗಿಸೆಂದರೆ ಹೇಳಲು ಸುಲಭವಾದಷ್ಟನ್ನು ಮಾತ್ರ ಹೇಳುತ್ತಾನೆ, ಉಳಿದದ್ದನ್ನು ಬಿಡುತ್ತಾನೆ. ಬಿಟ್ಟದ್ದು ಮುಂದೆ ಕೋರ್ಟಿನಲ್ಲಿ ನೆನಪಾದರೆ ಆಗಲೇ ಏಕೆ ಹೇಳಲಿಲ್ಲ ಎಂಬ ಪ್ರಶ್ನೆ ಕಾದಿರುತ್ತದೆ.

ಪ್ರತಿ ಠಾಣೆಯಲ್ಲೂ ಎಲ್ಲ ಭಾಷೆ ಬಲ್ಲವರನ್ನು ಎಲ್ಲಿಂದ ತರುವುದು ಎಂಬುದು ಇನ್ನೊಂದು ಆಕ್ಷೇಪ, ಇದು ಆಡಳಿತದವರ ಪ್ರಾಮಾಣಿಕ ಚಿಂತೆ. ಎಲ್ಲ ಭಾಷೆ ಬೇಕಿಲ್ಲ. ಅಕ್ಕಲಕೋಟಕ್ಕೆ, ದಕ್ಷಿಣ ಸೋಲಾಪುರಕ್ಕೆ, ಜತ್ತಿಗೆ ಕನ್ನಡ ಬೇಕು. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿರುವ ತಾಲೂಕಿನಲ್ಲಿ ಕನ್ನಡ ಓದಿ ಬರೆಯಬಲ್ಲವರಿಗೆ ಕೊರತೆಯಿಲ್ಲ. ಹೊಸ ಸಂಹಿತೆ ಸಾಕ್ಷಿಯ ಹೇಳಿಕೆಯನ್ನು ಧ್ವನಿ ಮತ್ತು ದೃಶ್ಯದಲ್ಲಿ ದಾಖಲಿಸಲು ಅವಕಾಶ ಕೊಟ್ಟಿದೆ, ಶೋಧ ಮತ್ತು ಜಪ್ತಿಗೆ ಅದನ್ನು ಕಡ್ಡಾಯ ಮಾಡಿದೆ. ಒಂದು ಮೊಬೈಲಿನಲ್ಲಿ ಮೂಲ ಕನ್ನಡದ ದನಿ ಉಳಿದರೆ ಸಾಕ್ಷಿ ಆಡಿದ್ದು ಆಮ್ಹೀಯೂ ಅಲ್ಲ, ಆಪಣವೂ ಅಲ್ಲ, ನಾವು ಎಂಬುದು ಕೋರ್ಟಿಗೆ ತಿಳಿಯುತ್ತದೆ. ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದೆಂದು ಅದೇ ಸಂಹಿತೆ ಹೇಳುತ್ತದೆ. ಆಳಂದದಲ್ಲಿ ಕನ್ನಡದಲ್ಲಿ ದಾಖಲಾದ ದೂರು ಅಕ್ಕಲಕೋಟಕ್ಕೆ ವರ್ಗವಾಗಿ ಬಂದರೆ ಅದನ್ನು ಅನುವಾದ ಮಾಡಿಸಿಕೊಂಡು ತನಿಖೆ ಮಾಡಲೇಬೇಕು. ಕನ್ನಡದ ಕಾಗದಕ್ಕೆ ಸಿಗಬಹುದಾದ ಅನುವಾದ ಕನ್ನಡದ ಮನುಷ್ಯನಿಗೆ ಸಿಗಲಾರದೆಂದರೆ ಹೇಗೆ? ಕೇರಳ 1969ರ ತನ್ನ ಅಧಿಕೃತ ಭಾಷೆಗಳ ಕಾಯಿದೆಯಲ್ಲೇ ಕನ್ನಡಿಗರು ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರ್ಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡಬಹುದೆಂದು ಬರೆದುಕೊಂಡಿತು. ಕಾಸರಗೋಡಿನಲ್ಲಿ ಅದು ಎಷ್ಟು ನಡೆಯುತ್ತದೆಂಬ ದೂರುಗಳಿವೆ. ಆದರೆ ದೂರಲು ಅಲ್ಲಿ ಒಂದು ಕಾನೂನಾದರೂ ಇದೆ.

ಇದು ಗಡಿತಂಟೆಯನ್ನು ಮತ್ತೆ ಕೆದಕುತ್ತದೆ ಎನ್ನುವವರಿಗೆ ಒಂದೇ ಮಾತು. ಬೆಳಗಾವಿ, ಖಾನಾಪುರ, ನಿಪ್ಪಾಣಿಗಳಲ್ಲಿ ಮರಾಠಿ ಆಡುವ ತಾಯಿ ಕನ್ನಡದ ಠಾಣೆಗೆ ಬಂದಾಗ ಆಕೆಯ ಆಪಣ ಮತ್ತು ಆಮ್ಹೀ ಎರಡೂ ನಾವು ಎಂಬುದರಲ್ಲಿ ಕರಗಿಹೋಗುತ್ತವೆ. ಚಪಳಗಾಂವದ ಕನ್ನಡಿಗನಿಗಾಗಿ ಏನನ್ನು ಕೇಳುತ್ತೇನೋ ಅದನ್ನು ಖಾನಾಪುರದ ಆ ತಾಯಿಗಾಗಿಯೂ ಕೇಳುತ್ತೇನೆ, ಅಷ್ಟೇ ಗಟ್ಟಿಯಾಗಿ. ಇದರಲ್ಲಿ ಯಾವ ರಾಜ್ಯದ ಒಂದು ಗೇಣು ನೆಲವೂ ಆಚೀಚೆ ಆಗುವುದಿಲ್ಲ.

ಆಗಬೇಕಾದ್ದು ದೊಡ್ಡದಲ್ಲ. ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಯಾವುದೇ ಅಧಿಕಾರಿಗೆ ಅಹವಾಲು ಸಲ್ಲಿಸಬಹುದೆಂದು ಸಂವಿಧಾನದ 350ನೆಯ ವಿಧಿ ಹೇಳುತ್ತದೆ. ಬರೆಯಬಲ್ಲವರು ಕನ್ನಡದಲ್ಲೇ ಬರೆದು ಕೊಡಲಿ, ಠಾಣೆ ದೂರು ದಾಖಲಿಸದಿದ್ದರೆ ಅದನ್ನೇ ಜಿಲ್ಲಾ ಪೊಲೀಸ್ ಅಧೀಕ್ಷಕರಿಗೆ ಅಂಚೆಯಲ್ಲಿ ಕಳಿಸಲಿ, ಅದಕ್ಕೂ ಸಂಹಿತೆಯಲ್ಲಿ ದಾರಿಯಿದೆ. ಬಾಯಿಂದ ಹೇಳುವವರ ಜಬಾಬಿನ ಕೆಳಗೆ ಎರಡು ಸಾಲು ಬರಲಿ: ಇವರು ಹೇಳಿದ್ದು ಕನ್ನಡದಲ್ಲಿ, ಮರಾಠಿಗೆ ತಂದವರು ಇಂಥವರು. ಆ ಇಂಥವರ ಹೆಸರು, ಹುದ್ದೆ, ಸಹಿ ಅಲ್ಲಿರಲಿ. ಸಾಕ್ಷಿಯ ಸಹಿಗೆ ಕಾನೂನಿನ ತಡೆಯಿದ್ದರೂ ಅನುವಾದ ಮಾಡಿದವರ ಸಹಿಗೆ ಆ ತಡೆಯಿಲ್ಲ. ಪಾಟಿ ಸವಾಲಿನಲ್ಲಿ ಕಂಡೆ ಎಂಬ ಮಾತೋ ಕೇಳಿದೆ ಎಂಬ ಮಾತೋ ಎಂದು ಪ್ರಶ್ನೆ ಬಂದ ದಿನ ನ್ಯಾಯಾಧೀಶರು ಆ ಹೆಸರಿನವರನ್ನು ಕಟಕಟೆಗೆ ಕರೆಸಿ, ನೀವು ಕೇಳಿಸಿಕೊಂಡ ಕನ್ನಡ ಯಾವುದು ಎಂದು ಕೇಳಬಹುದು.